ಬಿಎಗೆ ಇಂಗ್ಲಿಷ್ ತೊಗೊಂಡ್ರ ಮುಂದ ಏನ್ ಅಕ್ಕತಿ? ನಮ್ಮ ಜಿಲ್ಲೆಯಲ್ಲೇ ಓದುವವರು, ಓದಿಸುವವರು ತಿಳ್ಕೊಳ್ಳಬೇಕಾದ ವಿಷಯ

ಬ್ಯಾಡಗಿ: ಮೆಣಸಿನಕಾಯಿ ಸೀಸನ್ ಮುಗಿದು ಪೇಟೆ ಸ್ವಲ್ಪ ತಣ್ಣಗಾಗೋ ಹೊತ್ತಿಗೆ ನಮ್ಮ ತಾಲೂಕಿನಲ್ಲಿ ಇನ್ನೊಂದು ಸೀಸನ್ ಶುರುವಾಗುತ್ತೆ. ಅದು ಅಡ್ಮಿಷನ್ ಸೀಸನ್. ಝೆರಾಕ್ಸ್ ಅಂಗಡಿ ಮುಂದೆ ಮಾರ್ಕ್ಸ್ ಕಾರ್ಡ್ ಹಿಡ್ಕೊಂಡು ನಿಂತ ಹುಡುಗ ಹುಡುಗಿಯರು, ಪಕ್ಕದಲ್ಲಿ ಏನೂ ತಿಳಿಯದೆ ನಿಂತ ಅಪ್ಪಂದಿರು.

ಮೊನ್ನೆ ನಾನು ಚಹಾ ಕುಡಿಯೋ ಜಾಗದ ಎದುರಿನ ಕಿರಾಣಿ ಅಂಗಡಿ ಕಾಕಾ ಕೈ ಮಾಡಿ ಕರೆದ್ರು.

“ತಮ್ಮಾ, ನೀ ಸುದ್ದಿ ಬರ್ಯಾಂವ, ನಿನಗ ಗೊತ್ತಿರತೈತಿ. ನಮ್ಮ ಹುಡುಗಿ ಬಿಎಕ್ಕ ಇಂಗ್ಲಿಷ್ ತೊಗೋತೀನಿ ಅಂತ ಹಟ ಹಿಡದಾಳ. ಇಂಗ್ಲಿಷ್ ಮಾತಾಡಾಕ ಕಲಿಯೂದಾದ್ರ ಮೂರು ತಿಂಗಳ ಕೋಚಿಂಗ್ ಐತಲ್ಲ. ಅದಕ್ಕ ಮೂರು ವರ್ಷ ಯಾಕ ಬೇಕು? ಮುಂದ ಏನ್ ಅಕ್ಕತಿ?”

ನನಗೆ ತಕ್ಷಣ ಉತ್ತರ ಕೊಡೋಕೆ ಆಗಲಿಲ್ಲ. ಯಾಕಂದ್ರೆ 2019ರಲ್ಲಿ ನಾನೂ ಅದೇ ವಿಷಯ ತೊಗೊಂಡಿದ್ದೆ. ನಾಲ್ಕನೇ ಸೆಮಿಸ್ಟರ್‌ನಲ್ಲಿ ಬಿಟ್ಟೆ. ಏನು ತೊಗೊಂಡಿದ್ದೀನಿ ಅಂತ ಗೊತ್ತಿಲ್ಲದೆ ತೊಗೊಂಡೆ, ಏನು ಬಿಡ್ತಿದ್ದೀನಿ ಅಂತ ಗೊತ್ತಿಲ್ಲದೆ ಬಿಟ್ಟೆ. ಕಾಕಾ ಕೇಳಿದ ಪ್ರಶ್ನೆ ತಾಲೂಕಿನ ಇನ್ನೂ ನೂರಾರು ಮನೆಗಳಲ್ಲಿ ಇದೆ. ಅದಕ್ಕೆ ಸಮಾಧಾನವಾಗಿ ಕೂತು ಬರೀತಿದ್ದೀನಿ.

ಮೊದಲು ಇದು ತಿಳ್ಕೊಳ್ಳಿ: ಎರಡು ಇಂಗ್ಲಿಷ್ ಇವೆ

ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಅನ್ನೋ ಹೆಸರಲ್ಲಿ ಎರಡು ಬೇರೆ ಬೇರೆ ವಿಷಯ ನಡೆಯುತ್ತೆ. ಒಂದು ಭಾಷಾ ವಿಷಯ. ನಮ್ಮ ಕಡೆ ಬೇಸಿಕ್ ಇಂಗ್ಲಿಷ್ ಅಂತಾರೆ. ಬಿಎ, ಬಿಕಾಂ, ಬಿಎಸ್ಸಿ ಯಾವುದೇ ಇರಲಿ, ಕನ್ನಡದ ಜೊತೆಗೆ ಈ ಪೇಪರ್ ಸಾಮಾನ್ಯವಾಗಿ ಎಲ್ಲರಿಗೂ ಇರುತ್ತೆ. ನಾಲ್ಕು ಪಾಠ, ನಾಲ್ಕು ಪದ್ಯ, ಸ್ವಲ್ಪ ವ್ಯಾಕರಣ, ಒಂದು ಅರ್ಜಿ ಬರೆಯೋದು. ಅಷ್ಟೇ.

ಇನ್ನೊಂದು ಐಚ್ಛಿಕ ಇಂಗ್ಲಿಷ್. ಎಲ್ಲರೂ ಕರೆಯೋದು ಆಪ್ಷನಲ್ ಇಂಗ್ಲಿಷ್ ಅಂತ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಹೇಗೆ ಒಂದು ಮುಖ್ಯ ವಿಷಯವೋ, ಹಾಗೇ ಇದೂ ಒಂದು ಮುಖ್ಯ ವಿಷಯ. ಇಂಗ್ಲಿಷ್ ಪದವಿ ಅಂತ ಜನ ಹೇಳೋದು ಇದಕ್ಕೆ. ಮಾರ್ಕ್ಸ್ ಕಾರ್ಡಿನಲ್ಲಿ ಆಪ್ಷನಲ್ ಅಂತ ಇದ್ರೆ ಮಾತ್ರ ಮುಂದೆ ಎಂಎ ಇಂಗ್ಲಿಷ್‌ಗೆ, ಇಂಗ್ಲಿಷ್ ಶಿಕ್ಷಕರ ಹುದ್ದೆಗೆ ದಾರಿ ಸಲೀಸು. ಬೇಸಿಕ್ ಇಂಗ್ಲಿಷ್‌ನಲ್ಲಿ ನೂರಕ್ಕೆ ತೊಂಬತ್ತು ಬಂದಿದ್ರೂ ಅದು ಆಪ್ಷನಲ್‌ಗೆ ಸಮ ಅಲ್ಲ. ಎಷ್ಟೋ ಜನಕ್ಕೆ ಇದು ಗೊತ್ತಾಗೋದು ಪದವಿ ಮುಗಿದು, ಶಿಕ್ಷಕರ ನೇಮಕಾತಿ ಅಧಿಸೂಚನೆ ಓದಿದ ದಿನ. ಆಗ ವಾಪಸ್ ಹೋಗೋಕೆ ಆಗಲ್ಲ.

ಒಳಗೆ ಏನು ಕಲಿಸ್ತಾರೆ?

ಕಾಕಾ ಅಂದ್ಕೊಂಡಿದ್ದು ಸ್ಪೋಕನ್ ಇಂಗ್ಲಿಷ್. ನಾನೂ ಅದನ್ನೇ ಅಂದ್ಕೊಂಡಿದ್ದೆ. ಮೂರು ವರ್ಷ ಮುಗಿಯೋದ್ರೊಳಗೆ ಟಿವಿಯಲ್ಲಿ ಬರೋರ ಥರ ಮಾತಾಡ್ತೀನಿ ಅಂತ ಕನಸು. ಮೊದಲ ವಾರದಲ್ಲೇ ಗೊತ್ತಾಯ್ತು, ಇದು ಮಾತಾಡೋ ಕ್ಲಾಸ್ ಅಲ್ಲ, ಓದೋ ಕ್ಲಾಸ್.

ಸಿಲೆಬಸ್ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಸ್ವಲ್ಪ ಬದಲಾಗುತ್ತೆ. ಆದರೆ ಚೌಕಟ್ಟು ಹೆಚ್ಚುಕಡಿಮೆ ಒಂದೇ. ಕವಿತೆ ಅಂದ್ರೇನು, ನಾಟಕ ಅಂದ್ರೇನು, ಕಾದಂಬರಿ ಹೇಗೆ ಹುಟ್ಟಿತು ಅನ್ನೋದರಿಂದ ಶುರು. ಆಮೇಲೆ ಇಂಗ್ಲೆಂಡಿನ ಸಾಹಿತ್ಯದ ಇತಿಹಾಸ. ಚಾಸರ್, ಶೇಕ್ಸ್‌ಪಿಯರ್, ವರ್ಡ್ಸ್‌ವರ್ತ್, ಡಿಕನ್ಸ್ ಹೀಗೆ. ನಂತರ ಭಾರತೀಯರು ಇಂಗ್ಲಿಷಿನಲ್ಲಿ ಬರೆದದ್ದು, ಆಫ್ರಿಕಾದವರು ಬರೆದದ್ದು, ವಿಮರ್ಶೆ, ಅನುವಾದ, ಭಾಷಾಶಾಸ್ತ್ರ.

ಇದರಲ್ಲಿ ನಮ್ಮವರೇ ಎಷ್ಟು ಜನ ಇದ್ದಾರೆ ಅನ್ನೋದು ನನಗೆ ಆಗ ಗೊತ್ತಿರಲಿಲ್ಲ. 1938ರಲ್ಲಿ ‘ಕಾಂತಾಪುರ’ ಬರೆದ ರಾಜಾ ರಾವ್ ಹುಟ್ಟಿದ್ದು ಹಾಸನದಲ್ಲಿ. ಶಶಿ ದೇಶಪಾಂಡೆ ಧಾರವಾಡದವರು, ನಾಟಕಕಾರ ಶ್ರೀರಂಗರ ಮಗಳು. ಗಿರೀಶ ಕಾರ್ನಾಡರ ‘ತುಘಲಕ್’, ‘ಹಯವದನ’ ನಾಟಕಗಳನ್ನು ಅವರೇ ಇಂಗ್ಲಿಷಿಗೆ ಮಾಡಿದ್ದಾರೆ, ದೇಶದ ಎಷ್ಟೋ ಇಂಗ್ಲಿಷ್ ವಿಭಾಗಗಳಲ್ಲಿ ಅವು ಪಠ್ಯ. ಅನಂತಮೂರ್ತಿ ಅವರ ‘ಸಂಸ್ಕಾರ’ವನ್ನು ಎ.ಕೆ. ರಾಮಾನುಜನ್ ಇಂಗ್ಲಿಷಿಗೆ ತಂದರು. ದಿಲ್ಲಿ ಹುಡುಗ ಇದನ್ನು ಅನುವಾದದಲ್ಲಿ ಮಾತ್ರ ಓದ್ತಾನೆ. ನಮ್ಮ ತಾಲೂಕಿನ ಹುಡುಗಿ ಎರಡರಲ್ಲೂ ಓದಬಹುದು. ಸಣ್ಣ ಊರಿನ ಕನ್ನಡ ಮೀಡಿಯಂ ಅನ್ನೋದು ಇಲ್ಲಿ ಕೊರತೆ ಅಲ್ಲ, ಕೈಯಲ್ಲಿರೋ ಬಂಡವಾಳ.

ಫೊನೆಟಿಕ್ಸ್ ಅನ್ನೋ ಗುಮ್ಮ

ನಾನು ಎಡವಿದ್ದು ಇಲ್ಲಿ. ಫೊನೆಟಿಕ್ಸ್ ಅಂದ್ರೆ ಧ್ವನಿಶಾಸ್ತ್ರ. ಕನ್ನಡದಲ್ಲಿ ಅಂದಂತೆ ಬರೀತೀವಿ, ಬರೆದಂತೆ ಓದ್ತೀವಿ. ಇಂಗ್ಲಿಷ್ ಹಾಗಲ್ಲ. ಅಕ್ಷರ 26, ಆದರೆ ಪಠ್ಯದಲ್ಲಿ ಕಲಿಸೋ ಬ್ರಿಟಿಷ್ ಉಚ್ಚಾರಣೆಯಲ್ಲಿ ಧ್ವನಿ 44. ಅದರಲ್ಲಿ ಸ್ವರ 20, ವ್ಯಂಜನ 24. ಓ, ಯು, ಜಿ, ಎಚ್ ಅನ್ನೋ ನಾಲ್ಕೇ ಅಕ್ಷರ ಒಂದು ಪದದ ಕೊನೆಗೆ ಬಂದ್ರೆ ‘ದೋ’ ಆಗುತ್ತೆ, ಇನ್ನೊಂದರಲ್ಲಿ ‘ಥ್ರೂ’, ಮತ್ತೊಂದರಲ್ಲಿ ‘ಕಾಫ್’, ಮಗದೊಂದರಲ್ಲಿ ‘ರಫ್’. ಇದಕ್ಕೆಲ್ಲ ಬೇರೆ ಚಿಹ್ನೆಗಳಿವೆ, ಅವನ್ನು ಬರೆಯೋಕೆ ಕಲಿಯಬೇಕು.

ಇದನ್ನು ಎದುರಿಗೆ ಕೂತು, ಬಾಯಿ ನೋಡಿ, ಕಿವಿಯಿಂದ ಕಲಿಯಬೇಕು. ನಮ್ಮ ಕ್ಲಾಸಿನಲ್ಲಿ ಹನ್ನೊಂದೇ ಜನ ಇದ್ವಿ. ಸರ್ ಒಬ್ಬೊಬ್ಬರನ್ನೂ ಎಬ್ಬಿಸಿ ಓದಿಸ್ತಿದ್ರು. ಅಷ್ಟರಲ್ಲಿ ಕೊರೊನಾ ಬಂತು. ಕ್ಲಾಸ್ ಮೊಬೈಲಿಗೆ ಹೋಯ್ತು. ನಮ್ಮ ಓಣಿಯಲ್ಲಿ ನೆಟ್‌ವರ್ಕ್ ಹತ್ತಬೇಕಾದ್ರೆ ಮಾಳಿಗೆ ಹತ್ತಬೇಕು. ಮೊಬೈಲಿನಲ್ಲಿ ‘ಪ’ ಯಾವುದು ‘ಫ’ ಯಾವುದು ತಿಳಿಯದ ಹೊತ್ತಲ್ಲಿ 44 ಧ್ವನಿ ಎಲ್ಲಿಂದ ತಿಳಿಯಬೇಕು? ಎರಡು ಪೇಪರ್ ಬ್ಯಾಕ್ ಉಳಿದ್ವು. ಮನೆಯಲ್ಲಿ ದುಡ್ಡಿನ ತ್ರಾಸು ಇತ್ತು, ಮೊಬೈಲ್ ರಿಪೇರಿ ಅಂಗಡಿಗೆ ಕೆಲಸಕ್ಕೆ ಸೇರಿದೆ. ಆಮೇಲೆ ಬರೆದ್ರಾಯ್ತು ಅಂದೆ. ಆ ಆಮೇಲೆ ಇನ್ನೂ ಬಂದಿಲ್ಲ.

ಇದನ್ನು ಹೇಳಿದ್ದು ಕನಿಕರಕ್ಕಲ್ಲ. ಬ್ಯಾಕ್ ಉಳಿಸ್ಕೊಂಡವರು ಒಂದು ವಿಷಯ ತಿಳ್ಕೊಳ್ಳಲಿ ಅಂತ. ನಮ್ಮ ರಾಜ್ಯದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಸ್ಕೀಮ್ ಬಂತು, 2024-25ರಿಂದ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ವಾಪಸ್ ಬಂದ್ವಿ. ಅಂದ್ರೆ ಐದಾರು ವರ್ಷದಲ್ಲಿ ಮೂರು ಸ್ಕೀಮ್. ಹಳೇ ಸ್ಕೀಮಿನ ಪೇಪರ್‌ಗೆ ವಿಶ್ವವಿದ್ಯಾಲಯಗಳು ಕಾಯಂ ಪರೀಕ್ಷೆ ನಡೆಸ್ತಾ ಕೂರಲ್ಲ, ಕೆಲವು ವರ್ಷ ಮಾತ್ರ ಅವಕಾಶ ಕೊಡ್ತಾರೆ. ಬ್ಯಾಕ್ ಇದ್ದೋರು ಇವತ್ತೇ ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಹೋಗಿ ಕೇಳಿ. ನಾಳೆ ಅನ್ನಬೇಡಿ.

ಸಣ್ಣ ವಿಶ್ವವಿದ್ಯಾಲಯದ ಡಿಗ್ರಿಗೆ ಬೆಲೆ ಐತೇನು?

ಕಾಕಾ ಕೇಳಿದ ಎರಡನೇ ಪ್ರಶ್ನೆ ಇದು. “ಧಾರವಾಡ ಯುನಿವರ್ಸಿಟಿ ಅಂದ್ರ ಒಂದು ತೂಕ. ನಮ್ಮ ಹಾವೇರಿದು ನಿನ್ನೆ ಮೊನ್ನೆ ಹುಟ್ಟಿದ್ದು. ಮುಚ್ಚತಾರಂತ ಬ್ಯಾರೆ ಸುದ್ದಿ ಬಂದಿತ್ತು.”

ಕಾಕಾ ಹೇಳಿದ್ದರಲ್ಲಿ ಸುಳ್ಳಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1949ರದ್ದು. ನಮ್ಮ ಜಿಲ್ಲೆಯ ಕಾಲೇಜುಗಳೆಲ್ಲ ಅದರ ಕೆಳಗೇ ಇದ್ದವು. 2023ರಲ್ಲಿ ಹಾವೇರಿ, ಕೊಪ್ಪಳ, ಬಾಗಲಕೋಟೆ, ಬೀದರ್, ಹಾಸನ, ಕೊಡಗು, ಚಾಮರಾಜನಗರ ಜಿಲ್ಲೆಗಳಿಗೆ ಹೊಸ ವಿಶ್ವವಿದ್ಯಾಲಯ ಬಂದವು. ಹಾವೇರಿಗೆ ಹತ್ತಿರದ ಕೆರಿಮತ್ತಿಹಳ್ಳಿಯಲ್ಲಿ ಮೊದಲಿದ್ದ ಸ್ನಾತಕೋತ್ತರ ಕೇಂದ್ರವೇ ಹಾವೇರಿ ವಿಶ್ವವಿದ್ಯಾಲಯ ಆಯ್ತು. ಎರಡು ವರ್ಷ ತುಂಬೋದ್ರೊಳಗೆ, 2025ರ ಫೆಬ್ರವರಿಯಲ್ಲಿ, ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅಧ್ಯಕ್ಷತೆಯ ಸಂಪುಟ ಉಪಸಮಿತಿ ಹಣದ ಕೊರತೆ ಕಾರಣ ಕೊಟ್ಟು ಹಾವೇರಿಯೂ ಸೇರಿ ಒಂಬತ್ತು ವಿಶ್ವವಿದ್ಯಾಲಯ ಮುಚ್ಚೋ ಮಾತು ಆಡಿತು. ವಿದ್ಯಾರ್ಥಿಗಳು ಬೀದಿಗಿಳಿದ್ರು, ಸದನದಲ್ಲಿ ಗದ್ದಲ ಆಯ್ತು. ಆಗಿನಿಂದ ತಂದೆ ತಾಯಿಗೆ ಹೆದರಿಕೆ ಹೊಕ್ಕಿದೆ.

ಕಾನೂನಿನ ಮಾತು ಹೇಳ್ತೀನಿ ಕೇಳಿ. ರಾಜ್ಯ ಸರ್ಕಾರದ ಕಾಯ್ದೆ ಪ್ರಕಾರ ಸ್ಥಾಪನೆಯಾದ ವಿಶ್ವವಿದ್ಯಾಲಯಕ್ಕೆ ಪದವಿ ಕೊಡೋ ಅಧಿಕಾರ 1956ರ ಯುಜಿಸಿ ಕಾಯ್ದೆಯಲ್ಲೇ ಇದೆ. ಅದು ನೂರು ವರ್ಷದ್ದೋ, ಮೂರು ವರ್ಷದ್ದೋ, ನೂರು ಎಕರೆಯದ್ದೋ, ನಾಲ್ಕು ಕೋಣೆಯದ್ದೋ ಅಂತ ಕಾಯ್ದೆ ನೋಡಲ್ಲ. ಕೊಟ್ಟ ಪದವಿ ಪದವಿಯೇ. ಮುಂದೆ ಒಂದು ವಿಶ್ವವಿದ್ಯಾಲಯ ಇನ್ನೊಂದರಲ್ಲಿ ವಿಲೀನ ಆದ್ರೂ ಮೊದಲು ಕೊಟ್ಟ ಪದವಿ ಕಾಗದ ರದ್ದಾಗಲ್ಲ. ಕೆಲಸಕ್ಕೆ ಕರೆಯುವಾಗ ಸರ್ಕಾರ ಕೇಳೋದು ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಪದವಿ ಅಂತ, ಹಳೇ ವಿಶ್ವವಿದ್ಯಾಲಯದ ಪದವಿ ಅಂತಲ್ಲ.

ಆದರೆ ಬೆಲೆ ಅನ್ನೋದು ಬರೀ ಕಾನೂನಿನದ್ದಲ್ಲ. ಅಂಗಡಿಯವರಿಗೆ ನಾನು ಹೇಳಬೇಕಾಗಿಲ್ಲ, ಬಿಲ್ ಇದ್ರೆ ಸಾಲದು, ಮಾಲೂ ಇರಬೇಕು. ಡಿಗ್ರಿ ಬಿಲ್. ಓದಿದ್ದು ಮಾಲು.

ಸಣ್ಣದರ ಲಾಭ, ಸಣ್ಣದರ ತ್ರಾಸು

ಲಾಭ ಏನಂದ್ರೆ ಕ್ಲಾಸ್ ಸಣ್ಣದು. ದೊಡ್ಡ ಕಾಲೇಜಿನಲ್ಲಿ ಎಂಬತ್ತು ಜನರ ನಡುವೆ ಹಿಂದಿನ ಬೆಂಚಿನಲ್ಲಿ ಕೂತು ಮೂರು ವರ್ಷ ಬಾಯಿ ಬಿಡದೆ ಡಿಗ್ರಿ ತೊಗೋಬಹುದು. ಹನ್ನೊಂದು ಜನರ ಕ್ಲಾಸಿನಲ್ಲಿ ಅಡಗಿಕೊಳ್ಳೋಕೆ ಜಾಗ ಇಲ್ಲ. ತಪ್ಪು ಓದಿದ್ರೆ ಅಲ್ಲೇ ತಿದ್ದುತಾರೆ. ನಮ್ಮ ಸರ್ ಶೇಕ್ಸ್‌ಪಿಯರ್ ನಾಟಕದ ಕಥೆಯನ್ನು ಮೊದಲು ನಮ್ಮ ಮಾತಿನಲ್ಲೇ, ಬಯಲಾಟದ ಥರ ಹೇಳಿ ಆಮೇಲೆ ಪುಸ್ತಕ ತೆರೀತಿದ್ರು. ಇವತ್ತಿಗೂ ಆ ಕಥೆ ಮರೆತಿಲ್ಲ.

ಇನ್ನೊಂದು ಲಾಭ ದೂರದ್ದು. ಧಾರವಾಡದಲ್ಲಿ ಓದಬೇಕಂದ್ರೆ ರೂಮು, ಊಟ, ಅಪ್ಪ ಅವ್ವನ ಒಪ್ಪಿಗೆ ಮೂರೂ ಬೇಕು. ಹೆಣ್ಣುಮಕ್ಕಳಿಗೆ ಮೂರನೇದು ಎಲ್ಲಕ್ಕಿಂತ ಕಷ್ಟ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹಳ್ಳಿಯಿಂದ ತಾಲೂಕಿಗೆ, ತಾಲೂಕಿನಿಂದ ಹಾವೇರಿಗೆ ಬಸ್ ಚಾರ್ಜ್ ಇಲ್ಲದೆ ಹೋಗಿ ಬರಬಹುದು. ಹತ್ತಿರದಲ್ಲಿ ಇದೆ ಅನ್ನೋ ಒಂದೇ ಕಾರಣಕ್ಕೆ ಪದವಿ ಕಟ್ಟೆ ಹತ್ತೋ ಹುಡುಗಿಯರು ಇದ್ದಾರೆ. ಹತ್ತಿರದಲ್ಲಿ ಇಲ್ಲದಿದ್ರೆ ಅವರು ಧಾರವಾಡಕ್ಕೆ ಹೋಗಲ್ಲ, ಮನೆಯಲ್ಲಿ ಉಳೀತಾರೆ.

ತ್ರಾಸು ಏನಂದ್ರೆ, ಪಾಠ ಮಾಡೋರಲ್ಲಿ ಬಹಳ ಜನ ಅತಿಥಿ ಉಪನ್ಯಾಸಕರು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಅವರ ಸಂಖ್ಯೆ ಸಾವಿರಾರು. ಪ್ರತಿ ವರ್ಷ ಅವರ ಆಯ್ಕೆ ಮುಗಿಯೋವರೆಗೆ ಕೆಲವು ಕ್ಲಾಸ್ ಶುರುವಾಗಲ್ಲ. 2023ರ ನವೆಂಬರ್‌ನಲ್ಲಿ ಸೇವೆ ಕಾಯಂ ಮಾಡಿ ಅಂತ ಅವರು ಕ್ಲಾಸ್ ಬಹಿಷ್ಕಾರ ಮಾಡಿದಾಗ ತಿಂಗಳಿಗೂ ಹೆಚ್ಚು ಪಾಠ ನಿಂತಿತ್ತು. ಅವರ ತಪ್ಪು ಅಂತ ಹೇಳ್ತಿಲ್ಲ. ಬಾಡಿಗೆ ಕಟ್ಟೋಕೆ ಪರದಾಡೋ ಮನುಷ್ಯ ಶೇಕ್ಸ್‌ಪಿಯರ್ ಎಷ್ಟು ದಿನ ಪ್ರೀತಿಯಿಂದ ಹೇಳ್ತಾನೆ?

ಎರಡನೇ ತ್ರಾಸು ಪುಸ್ತಕ. ಗ್ರಂಥಾಲಯದಲ್ಲಿ ಕಾದಂಬರಿಯ ಒಂದೇ ಪ್ರತಿ, ಓದೋರು ಹನ್ನೊಂದು ಜನ. ಆಗ ಎಲ್ಲರೂ ಹೋಗೋದು ಗೈಡ್ ಹಿಂದೆ. ಗೈಡಿನಲ್ಲಿ ಹತ್ತು ಪ್ರಶ್ನೆ, ಹತ್ತು ಉತ್ತರ. ಬಾಯಿಪಾಠ ಮಾಡಿದ್ರೆ ಪಾಸ್. ಕಾದಂಬರಿ ಮುಟ್ಟದೇ ಕಾದಂಬರಿಯ ಪೇಪರ್ ಪಾಸಾದವರನ್ನು ನಾನು ನೋಡಿದ್ದೀನಿ. ಹಾಗೆ ಮೂರು ವರ್ಷ ಕಳೆದ್ರೆ ಕೈಯಲ್ಲಿ ಬಿಎ ಇಂಗ್ಲಿಷ್ ಇರುತ್ತೆ, ಬ್ಯಾಂಕಿಗೆ ಒಂದು ಅರ್ಜಿ ಬರೆಯೋಕೆ ಬರಲ್ಲ. ಡಿಗ್ರಿಯನ್ನು ಸಣ್ಣದು ಮಾಡೋದು ವಿಶ್ವವಿದ್ಯಾಲಯದ ಕಟ್ಟಡ ಅಲ್ಲ, ಇದು.

ಪುಸ್ತಕಕ್ಕೆ ಉಪಾಯ ಇದೆ. ಹಳೇ ಇಂಗ್ಲಿಷ್ ಪುಸ್ತಕಗಳಿಗೆ ಕಾಪಿರೈಟ್ ಮುಗಿದಿರುತ್ತೆ. ಶೇಕ್ಸ್‌ಪಿಯರ್, ಡಿಕನ್ಸ್, ಜೇನ್ ಆಸ್ಟೆನ್ ಎಲ್ಲಾ ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನೋ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತೆ. ಅದೇ ಪುಸ್ತಕಗಳನ್ನು ಓದಿ ಕೇಳಿಸೋ ಲಿಬ್ರಿವಾಕ್ಸ್ ಅನ್ನೋದೂ ಇದೆ. ಕಿವಿಗೆ ಹಾಕ್ಕೊಂಡು ಪುಸ್ತಕ ನೋಡ್ತಾ ಓದಿದ್ರೆ ಫೊನೆಟಿಕ್ಸ್ ಅರ್ಧ ಅಲ್ಲೇ ಬರುತ್ತೆ. ನನಗೆ ಇದು ಗೊತ್ತಾಗಿದ್ದು ಕಾಲೇಜು ಬಿಟ್ಟ ಮೇಲೆ.

ಮುಂದೆ ಏನು? ವರ್ಷದ ಲೆಕ್ಕ

ಬರೀ ಬಿಎ ಇಂಗ್ಲಿಷ್ ಮುಗಿಸಿ ಮನೆಗೆ ಬಂದ್ರೆ ಕೆಲಸ ಬಾಗಿಲಿಗೆ ಬರಲ್ಲ. ಇದನ್ನು ನೇರ ಹೇಳ್ತೀನಿ. ಈ ಡಿಗ್ರಿ ಇನ್ನೊಂದು ಬಾಗಿಲಿನ ಕೀಲಿ. ಯಾವ ಬಾಗಿಲು ಅಂತ ಮೊದಲೇ ತಿಳಿದಿರಬೇಕು.

ಒಂದು, ಶಾಲೆ ಶಿಕ್ಷಕ. ಬಿಎ ಮೂರು ವರ್ಷ, ಬಿಎಡ್ ಎರಡು ವರ್ಷ, ಒಟ್ಟು ಐದು. ಬಿಎಡ್ ಸೇರೋಕೆ ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 50 ಅಂಕ ಬೇಕು, ಮೀಸಲಾತಿ ಇದ್ದವರಿಗೆ ಸಡಿಲಿಕೆ ಇದೆ. ಆರರಿಂದ ಎಂಟನೇ ತರಗತಿಗೆ ಶಿಕ್ಷಕರಾಗೋಕೆ ಟಿಇಟಿ ಪಾಸ್ ಆಗಿರಬೇಕು. ಅದು 150 ಅಂಕದ ಪರೀಕ್ಷೆ, ಸಾಮಾನ್ಯ ವರ್ಗಕ್ಕೆ ಶೇ. 60 ಬೇಕು. 2022ರಲ್ಲಿ ಸರ್ಕಾರ ಈ ತರಗತಿಗಳಿಗೆ 15,000 ಶಿಕ್ಷಕರನ್ನು ಕರೆದಾಗ ಅಷ್ಟೂ ಹುದ್ದೆ ತುಂಬಲಿಲ್ಲ, ಅರ್ಹತೆ ಪಡೆದವರೇ ಸಾಲಲಿಲ್ಲ. ಸರ್ಕಾರಿ ಕರೆ ಬರೋವರೆಗೆ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಗಳಿವೆ. ಅಲ್ಲಿ ಪಗಾರ ಕಡಿಮೆ, ಕೆಲಸ ಹೆಚ್ಚು, ಆದರೆ ಕೈ ಪಳಗುತ್ತೆ.

ಎರಡು, ಪಿಯು ಉಪನ್ಯಾಸಕ. ಎಂಎಯಲ್ಲಿ ಶೇ. 55 ಜೊತೆಗೆ ಬಿಎಡ್ ಬೇಕು. ಮೂರು, ಎರಡು, ಎರಡು ಸೇರಿ ಏಳು ವರ್ಷ.

ಮೂರು, ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ. ಎಂಎ ಆದ ಮೇಲೆ ನೆಟ್ ಅಥವಾ ಕೆ-ಸೆಟ್ ಪಾಸಾಗಬೇಕು. ಎರಡರಲ್ಲೂ 300 ಅಂಕ, ಮೂರು ತಾಸು, ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ. ನೆಟ್ ದೇಶಕ್ಕೆಲ್ಲ ನಡೆಯುತ್ತೆ, ಕೆ-ಸೆಟ್ ನಮ್ಮ ರಾಜ್ಯಕ್ಕೆ. ಆದರೆ ಹುದ್ದೆ ಕಡಿಮೆ. 2021ರಲ್ಲಿ ಕರೆದದ್ದು ಎಲ್ಲಾ ವಿಷಯ ಸೇರಿ ಇಡೀ ರಾಜ್ಯಕ್ಕೆ 1,242. ಈ ದಾರಿ ಹಿಡಿಯೋರು ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಕಾಯೋಕೆ ಗಟ್ಟಿ ಇರಬೇಕು.

ನಾಲ್ಕು, ಬ್ಯಾಂಕ್ ಮತ್ತು ಕೇಂದ್ರ ಸರ್ಕಾರದ ಪರೀಕ್ಷೆ. ಇವಕ್ಕೆ ಯಾವ ಡಿಗ್ರಿ ಆದ್ರೂ ನಡೆಯುತ್ತೆ. ಆದರೆ ಬ್ಯಾಂಕ್ ಕ್ಲರ್ಕ್ ಪೂರ್ವಭಾವಿ ಪರೀಕ್ಷೆಯಲ್ಲಿ 100ರಲ್ಲಿ 30 ಅಂಕ ಇಂಗ್ಲಿಷಿಗೆ. ನಮ್ಮ ಕಡೆ ಹುಡುಗರು ಲೆಕ್ಕದಲ್ಲಿ ಗೆದ್ದು ಇಂಗ್ಲಿಷಿನಲ್ಲಿ ಸೋಲ್ತಾರೆ. ದಿನಾ ಓದೋ ರೂಢಿ ಇದ್ದೋರಿಗೆ ಆ ಭಾಗ ಭಾರ ಆಗಲ್ಲ.

ಐದು, ಅನುವಾದ, ಬರವಣಿಗೆ, ಮಾಧ್ಯಮ. ಸುಮ್ಮನೆ ಪದಕ್ಕೆ ಪದ ಇಡೋ ಅನುವಾದವನ್ನು ಈಗ ಮೊಬೈಲೇ ಮಾಡುತ್ತೆ, ಅದರಲ್ಲಿ ಹೊಟ್ಟೆ ತುಂಬಲ್ಲ. ಎರಡೂ ಭಾಷೆಯ ಒಳಗು ಗೊತ್ತಿದ್ದವರಿಗೆ ಮಾತ್ರ ಜಾಗ. 2025ರ ಮೇನಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ ಇಂಟರ್‌ನ್ಯಾಷನಲ್ ಬುಕರ್ ಬಂತಲ್ಲ, ‘ಹಾರ್ಟ್ ಲ್ಯಾಂಪ್’ ಅಂತ ಇಂಗ್ಲಿಷಿಗೆ ಮಾಡಿದವರು ಕೊಡಗಿನ ದೀಪಾ ಭಾಸ್ತಿ. ಬಹುಮಾನದ ಹಣ ಲೇಖಕಿಗೆ ಅರ್ಧ, ಅನುವಾದಕಿಗೆ ಅರ್ಧ. ಎಲ್ಲರಿಗೂ ಬುಕರ್ ಬರಲ್ಲ. ಆದರೆ ಕನ್ನಡ ಬಲ್ಲವರು ಇಂಗ್ಲಿಷ್ ಗಟ್ಟಿಯಾಗಿ ಓದಿದ್ರೆ ಏನಾಗಬಹುದು ಅನ್ನೋದಕ್ಕೆ ಇದು ಕಣ್ಣೆದುರಿನ ಉದಾಹರಣೆ.

ಖರ್ಚು ಎಷ್ಟು?

ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿಎ ಫೀ ದೊಡ್ಡದಲ್ಲ, ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿಯೂ ಇದೆ. ಪ್ರಯೋಗಾಲಯದ ಖರ್ಚಿಲ್ಲ, ಲ್ಯಾಪ್‌ಟಾಪ್ ಬೇಕೇ ಬೇಕು ಅಂತಿಲ್ಲ. ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ಅಂದ್ರೆ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಬೇಕು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ತಿಂಗಳಿಗೆ ಇಷ್ಟು ಅಂತ ಹಣ ಕೊಡ್ತಾರೆ. ಆಧಾರ್, ಬ್ಯಾಂಕ್ ಖಾತೆ, ಜಾತಿ ಆದಾಯ ಪ್ರಮಾಣಪತ್ರದಲ್ಲಿ ಹೆಸರು ಒಂದೇ ಥರ ಇರಲಿ. ಒಂದಕ್ಷರ ಹೆಚ್ಚುಕಡಿಮೆ ಆದ್ರೂ ಹಣ ನಿಲ್ಲುತ್ತೆ. ಅಡ್ಮಿಷನ್ ಈಗ ಯುಯುಸಿಎಂಎಸ್ ಅನ್ನೋ ತಂತ್ರಾಂಶದಲ್ಲಿ ಆಗುತ್ತೆ, ಅಲ್ಲಿ ಹಾಕೋ ಮೊಬೈಲ್ ನಂಬರ್ ಮೂರು ವರ್ಷ ಬದಲಿಸಬೇಡಿ.

ಇಂಗ್ಲಿಷ್ ಓದಿದ್ರೆ ಕನ್ನಡ ಬಿಟ್ಟಂತೆ ಅಲ್ಲ

ಇಂಗ್ಲಿಷ್ ತೊಗೊಂಡ್ರೆ ಮಕ್ಕಳು ನಮ್ಮಿಂದ ದೂರ ಹೋಗ್ತಾರೆ ಅಂತ ಕೆಲವರ ಆತಂಕ. ನಮ್ಮ ಜಿಲ್ಲೆಯವರನ್ನೇ ನೋಡಿ. ವಿ.ಕೃ. ಗೋಕಾಕ್ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದವರು. ಓದಿದ್ದು ಇಂಗ್ಲಿಷ್, ಕಲಿಸಿದ್ದು ಇಂಗ್ಲಿಷ್, ಆಕ್ಸ್‌ಫರ್ಡಿಗೂ ಹೋಗಿ ಬಂದರು. ಜ್ಞಾನಪೀಠ ಬಂದಿದ್ದು ಕನ್ನಡದ ಬರವಣಿಗೆಗೆ. ಶಾಲೆಗಳಲ್ಲಿ ಕನ್ನಡವೇ ಪ್ರಥಮ ಭಾಷೆ ಆಗಬೇಕು ಅಂತ 1981ರಲ್ಲಿ ವರದಿ ಕೊಟ್ಟು, ರಾಜ್‌ಕುಮಾರ್ ಅವರನ್ನೂ ಬೀದಿಗಿಳಿಸಿದ ಚಳವಳಿಗೆ ಹೆಸರಾದವರು ಇದೇ ಇಂಗ್ಲಿಷ್ ಮೇಷ್ಟ್ರು. ಸವಣೂರು ತಾಲೂಕಿನ ಹತ್ತಿಮತ್ತೂರಿನ ಚಂಪಾ, ಧಾರವಾಡದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕ, ಆದರೆ ಬೀದಿಯಲ್ಲಿ ಕನ್ನಡದ ಹೋರಾಟಗಾರ. ಬಿ.ಎಂ.ಶ್ರೀ, ಅಡಿಗರು, ಅನಂತಮೂರ್ತಿ, ಲಂಕೇಶ್ ಎಲ್ಲರೂ ಇಂಗ್ಲಿಷ್ ಪಾಠ ಮಾಡಿದವರೇ.

ಅಡ್ಮಿಷನ್ ಮುಂಚೆ ಈ ಐದು ಪ್ರಶ್ನೆ ಕೇಳಿ

1. ಈ ಕಾಲೇಜಿನಲ್ಲಿ ಆಪ್ಷನಲ್ ಇಂಗ್ಲಿಷ್ ಈ ವರ್ಷ ನಿಜವಾಗಿ ನಡೆಯುತ್ತಾ, ಬರೀ ಪಟ್ಟಿಯಲ್ಲಿ ಇದೆಯಾ?

2. ಹೋದ ವರ್ಷ ಎಷ್ಟು ಜನ ಇದ್ರು? ಸಂಖ್ಯೆ ತೀರಾ ಕಡಿಮೆಯಾದ್ರೆ ನಡುವೆ ಬೇರೆ ವಿಷಯಕ್ಕೆ ಹೋಗಿ ಅಂತಾರಾ?

3. ಪಾಠ ಮಾಡೋರು ಯಾರು, ಕಾಯಂ ಎಷ್ಟು, ಅತಿಥಿ ಎಷ್ಟು?

4. ಜೊತೆಗೆ ಬೇರೆ ಯಾವ ವಿಷಯ ಸಿಗುತ್ತೆ? ಬಿಎಡ್‌ನಲ್ಲಿ ಎರಡು ಬೋಧನಾ ವಿಷಯ ಬೇಕು. ಇತಿಹಾಸ, ಭೂಗೋಳದಂಥ ಶಾಲೆಯಲ್ಲಿ ಕಲಿಸೋ ವಿಷಯ ಜೊತೆಗಿದ್ರೆ ಒಳ್ಳೇದು.

5. ಸಿಲೆಬಸ್‌ನಲ್ಲಿರೋ ಪುಸ್ತಕ ಗ್ರಂಥಾಲಯದಲ್ಲಿ ಎಷ್ಟು ಪ್ರತಿ ಇವೆ?

ಎರಡನೇ ಪ್ರಶ್ನೆ ಬಹಳ ಮುಖ್ಯ. ಯಾರೂ ತೊಗೊಳ್ಳದಿದ್ರೆ ವಿಷಯವೇ ನಿಲ್ಲುತ್ತೆ. ಒಮ್ಮೆ ನಿಂತ ವಿಷಯ ಮತ್ತೆ ಶುರುವಾಗೋದು ಕಷ್ಟ. ಆಗ ನಮ್ಮ ತಾಲೂಕಿನಲ್ಲಿ ಇಂಗ್ಲಿಷ್ ಓದೋರು ಹೊರಗೆ ಹೋಗೋಕೆ ದುಡ್ಡಿದ್ದೋರು ಮಾತ್ರ.

ಕಾಕಾಗೆ ಕೊಟ್ಟ ಉತ್ತರ

ಇಷ್ಟೆಲ್ಲ ಕಾಗದದ ಮೇಲೆ ಗುರುತು ಹಾಕ್ಕೊಂಡು ನಿನ್ನೆ ಸಂಜೆ ಅಂಗಡಿಗೆ ಹೋದೆ. ಹುಡುಗಿ ಗಲ್ಲಾದ ಹತ್ತಿರ ಕೂತಿದ್ಲು. ನಾನು ಐದು ವರ್ಷ, ಏಳು ವರ್ಷ ಅಂತ ಲೆಕ್ಕ ಹೇಳಿದ ಮೇಲೆ, ಇಷ್ಟು ಗೊತ್ತಾದ ಮೇಲೂ ಇಂಗ್ಲಿಷೇ ಯಾಕ ಅಂತ ಕೇಳಿದೆ.

“ಅಣ್ಣಾ, ನಾವು ಒಂಬತ್ತನೇತ್ತಾ ಇದ್ದಾಗ ಇಂಗ್ಲಿಷ್ ಟೀಚರ್ ವರ್ಗಾ ಆಗಿ ಹೋದ್ರು. ವರ್ಷಪೂರ್ತಿ ಯಾರೂ ಬರಲಿಲ್ಲ. ಬ್ಯಾರೆ ವಿಷಯದ ಸರ್ ಬಂದು ಬೋರ್ಡ್ ಮ್ಯಾಗ ಉತ್ತರ ಬರದು ಹೋಗತಿದ್ರು. ನಮ್ಮ ಕ್ಲಾಸಿನ್ಯಾಗ ಏಳು ಮಂದಿ ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಒಂದರಾಗ ಫೇಲ್. ಅದರಾಗ ನನ್ನ ಗೆಳತಿದು ಮದುವಿ ಮಾಡಿಬಿಟ್ರು. ನಾ ಆ ಸಾಲಿಗೆ ಟೀಚರ್ ಆಗಿ ಹೋಗಬೇಕು.”

ಕಾಕಾ ತಕ್ಕಡಿ ಮೇಲಿನ ಬೆಲ್ಲ ಇಳಿಸಿ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, “ಐದು ವರ್ಷಂದ್ರ ಐದು ದೀಪಾವಳಿ. ನಡೀತೈತಿ ಬಿಡು” ಅಂದ್ರು. “ನಾಳೆ ಮುಂಜಾನೆ ಕಾಲೇಜಿಗೆ ಹೋಗೂಣು. ಆ ಐದು ಪ್ರಶ್ನೆ ನೀನ ಕೇಳು, ನನಗ ಕೇಳಾಕ ಬರೂದಿಲ್ಲ.”

ಹೋಗ್ತೀನಿ ಅಂದಿದ್ದೀನಿ. ಹೋದಾಗ ನಂದೂ ಒಂದು ಕೆಲಸ ಇದೆ. ಪರೀಕ್ಷಾ ವಿಭಾಗದ ಕಿಟಕಿಯಲ್ಲಿ 2019ರ ಸ್ಕೀಮಿನ ಎರಡು ಪೇಪರ್ ಬಗ್ಗೆ ಕೇಳಬೇಕು.